ಕಿರ್ದಿ ಇತ್ತು, ಖಾತೆ ಇರಲಿಲ್ಲ

ದಾವಣಗೆರೆಯ ಕೃಷಿ ಮಾರುಕಟ್ಟೆಯ ದಲ್ಲಾಳಿ ಅಂಗಡಿಯೊಂದರಲ್ಲಿ ನಾನು 31 ವರ್ಷ ಲೆಕ್ಕ ಬರೆದವನು. ಅಂಗಡಿಯ ಲೆಕ್ಕದಲ್ಲಿ ಎರಡು ಪುಸ್ತಕಗಳು ಮುಖ್ಯ. ಆ ದಿನ ಬಂದ ಮೆಕ್ಕೆಜೋಳ, ಕೊಟ್ಟ ಹಣ, ಹಮಾಲಿ, ಗಾಡಿ ಬಾಡಿಗೆ ಎಲ್ಲವೂ ನಡೆದ ಕ್ರಮದಲ್ಲಿಯೇ ಕಿರ್ದಿಗೆ ಏರುತ್ತವೆ. ಸಂಜೆ ಅದನ್ನು ಬಿಡಿಸಿ ಒಬ್ಬೊಬ್ಬ ರೈತನ ಹೆಸರಿನ ಪುಟಕ್ಕೆ ಎತ್ತಿ ಬರೆದರೆ ಅದು ಖಾತೆ. ಕಿರ್ದಿ ಎಷ್ಟೇ ಅಚ್ಚುಕಟ್ಟಾಗಿದ್ದರೂ ಖಾತೆ ಎತ್ತದಿದ್ದರೆ ಯಾವ ರೈತ ಎರಡು ವರ್ಷದಿಂದ ನಮ್ಮ ಅಂಗಡಿಯ ಕಡೆ ಬಂದಿಲ್ಲ ಎಂಬುದು ಯಾರ ಗಮನಕ್ಕೂ ಬರುವುದಿಲ್ಲ. ಹೊಟ್ಟೆಪಾಡಿನ ಕೆಲಸದಲ್ಲಿ ಇಷ್ಟು ಚೆನ್ನಾಗಿ ತಿಳಿದಿದ್ದ ಸಂಗತಿಯನ್ನು ನಾನು ಮಕ್ಕಳ ಸಂಜೆ ಪಾಠದ ವಿಷಯದಲ್ಲಿ ಹತ್ತು ವರ್ಷ ಪೂರ್ತಿ ಮರೆತಿದ್ದೆ. ನಮ್ಮಲ್ಲಿ ಓದಿ ಹೋದ 214 ಮಕ್ಕಳ ಹಾಜರಿ ಪುಸ್ತಕಗಳಿದ್ದವು. ಅವರಲ್ಲಿ ಯಾರು ಎಲ್ಲಿದ್ದಾರೆ ಎಂದು ಹೇಳುವ ಒಂದು ಪುಟವೂ ಇರಲಿಲ್ಲ.

ಪಾಠ ಆರಂಭವಾದದ್ದು 2009ರ ಜೂನ್‌ನಲ್ಲಿ, ಮಂಡಕ್ಕಿ ಭಟ್ಟಿಗಳಿಗೆ ಹತ್ತಿರದ ಒಂದು ಸಮುದಾಯ ಭವನದಲ್ಲಿ. ಸರ್ಕಾರಿ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರಾಗಿದ್ದ ನನ್ನ ಸ್ನೇಹಿತರು ವಿಜ್ಞಾನ ಹೇಳಿಕೊಡುತ್ತಿದ್ದರು, ಗಣಿತ ನನ್ನ ಪಾಲಿಗೆ ಬಂದಿತ್ತು. ಸಂಜೆ ಆರೂವರೆಯಿಂದ ಎಂಟೂವರೆಯವರೆಗೆ, ಎಂಟರಿಂದ ಹತ್ತನೆಯ ತರಗತಿಯ ಮಕ್ಕಳಿಗೆ, ಹಣವಿಲ್ಲದೆ. ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಶಿಕ್ಷಕರು ಖಾಸಗಿ ಪಾಠ ಮಾಡುವುದನ್ನು ನಿಷೇಧಿಸುತ್ತದೆಯಾದ್ದರಿಂದ, ಆ ಕಾಯ್ದೆ 2010ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಮೇಲೆ ಸ್ನೇಹಿತರು ತಮ್ಮ ಮುಖ್ಯೋಪಾಧ್ಯಾಯರಿಗೆ ಎಲ್ಲವನ್ನೂ ಬರೆದು ತಿಳಿಸಿ, ಒಂದು ರೂಪಾಯಿಯನ್ನೂ ಮುಟ್ಟುವುದಿಲ್ಲವೆಂದು ಸ್ಪಷ್ಟಪಡಿಸಿಯೇ ಮುಂದುವರಿದರು. ನಮ್ಮಲ್ಲಿಗೆ ಬರುತ್ತಿದ್ದ ಮಕ್ಕಳಲ್ಲಿ ಅರ್ಧದಷ್ಟು ಮಂದಿಯ ಮನೆಯವರು ಭಟ್ಟಿಗಳಲ್ಲಿ ದುಡಿಯುವವರು. ಉಪ್ಪು ಹಿಡಿಸಿದ ಅಕ್ಕಿಯನ್ನು ಕಾದ ಮರಳಿನಲ್ಲಿ ಹುರಿಯುವ ಆ ಒಲೆಗಳ ಮುಂದೆ ನಸುಕಿನಲ್ಲೇ ಕೆಲಸ ಆರಂಭವಾಗುತ್ತದೆ. ಚೀಲ ತುಂಬಿಸಿ, ಬಾಯಿ ಹೊಲಿಸಿ, ಮೈಮೇಲಿನ ಬೂದಿ ಕೊಡವಿಕೊಂಡು ಶಾಲೆಗೆ ಹೋಗಿ ಬಂದ ಮಕ್ಕಳು ಸಂಜೆ ಏಳೂವರೆಗೆಲ್ಲ ಕುಳಿತಲ್ಲೇ ತೂಗುತ್ತಿದ್ದರು. ಎಸ್ಸೆಸ್ಸೆಲ್ಸಿಯ ಗಣಿತದಲ್ಲಿ 80 ಅಂಕದ ಲಿಖಿತ ಪರೀಕ್ಷೆಗೆ 28 ತೆಗೆಯಿಸುವುದೇ ಹಲವು ಮಕ್ಕಳ ವಿಷಯದಲ್ಲಿ ನಮಗಿದ್ದ ಗುರಿ. ಫಲಿತಾಂಶ ಬಂದ ದಿನ ಪೇಡೆ ಹಂಚುತ್ತಿದ್ದೆವು, ಮರುವಾರ ಹೊಸ ಹಾಜರಿ ಪುಸ್ತಕ ಕೊಳ್ಳುತ್ತಿದ್ದೆವು.

ಹತ್ತು ವರ್ಷ ತುಂಬಿದ ನೆಪದಲ್ಲಿ 2019ರ ಡಿಸೆಂಬರಿನ ಒಂದು ಭಾನುವಾರ ಹಳೆಯ ವಿದ್ಯಾರ್ಥಿಗಳ ಸಮಾವೇಶ ಏರ್ಪಡಿಸಿದೆವು. ಆಹ್ವಾನ ಪತ್ರಿಕೆ ಮುದ್ರಿಸಿ, ಬಾಡಿಗೆ ಕುರ್ಚಿ ತರಿಸಿ, 150 ಜನರಿಗೆ ಪಲಾವು, ಮೊಸರನ್ನ ಮಾಡಿಸಿದ್ದೆವು. ಬಂದವರು 11 ಜನ. ಉಳಿದ ಅನ್ನವನ್ನು ಸಂಜೆ ಓಣಿಯ ಮನೆಮನೆಗೆ ಹಂಚುವಾಗ ಹಳೆಯ ವಿದ್ಯಾರ್ಥಿಯೊಬ್ಬನ ತಾಯಿ ಪಾತ್ರೆ ಹಿಡಿದು ಬಂದು, "ನಮ್ಮ ಹುಡುಗ ಫೇಲಾದವನಲ್ರೀ ಸರ್, ಅದು ಪಾಸಾದೋರಿಗೆ ಅಂದ್ಕೊಂಡ್ವಿ" ಎಂದರು. ಆ ರಾತ್ರಿ ಆಹ್ವಾನ ಪತ್ರಿಕೆಯನ್ನು ಮತ್ತೊಮ್ಮೆ ಓದಿದೆ. "ನಮ್ಮಲ್ಲಿ ಕಲಿತು ಉನ್ನತ ಸ್ಥಾನಗಳಲ್ಲಿರುವ" ಎಂದು ಆರಂಭವಾಗಿ, ಬೆಂಚುಗಳ ಖರೀದಿಗೆ ಧನಸಹಾಯ ಕೋರಿ, ಕೊನೆಯಲ್ಲಿ ಬ್ಯಾಂಕ್ ಖಾತೆಯ ಸಂಖ್ಯೆಯನ್ನು ಕೊಟ್ಟಿತ್ತು. ಬರೆದವನು ನಾನೇ. ಹತ್ತು ವರ್ಷದಲ್ಲಿ ಒಮ್ಮೆಯೂ ಹೇಗಿದ್ದೀಯ ಎಂದು ಕೇಳದವರು ಮೊದಲ ಸಲ ಬರೆದ ಪತ್ರದಲ್ಲಿ ಹಣ ಕೇಳಿದರೆ ಬಾಕಿ ವಸೂಲಿಗೆ ಬಂದ ಗುಮಾಸ್ತನಿಗೂ ನಮಗೂ ವ್ಯತ್ಯಾಸವೇನು ಎಂದು ಅನ್ನಿಸಿ ನಾಚಿಕೆಯಾಯಿತು. ಬಂದಿದ್ದ 11 ಜನರಲ್ಲಿ ಒಂಬತ್ತು ಜನ ಪ್ರಥಮ ದರ್ಜೆಯವರೇ ಆಗಿದ್ದದ್ದೂ ಆಗಲೇ ಹೊಳೆದದ್ದು.

ಸಿರಿಗೆರೆಯ ಹಾಸ್ಟೆಲಿನಲ್ಲಿ ಓದಿದವರು ನಮ್ಮ ಭಾಗದಲ್ಲಿ ಎಲ್ಲಿ ಎದುರಾದರೂ ಐದೇ ನಿಮಿಷದಲ್ಲಿ ಪರಸ್ಪರರ ಬ್ಯಾಚು ಪತ್ತೆಹಚ್ಚಿಕೊಳ್ಳುವುದನ್ನು ನಾನು ಮಂಡಿಯಲ್ಲಿ ಎಷ್ಟೋ ಸಲ ನೋಡಿದ್ದೇನೆ. ಒಂದೇ ಪಂಕ್ತಿಯಲ್ಲಿ ವರ್ಷಗಟ್ಟಲೆ ಉಂಡವರಿಗೆ ಅದು ತಾನಾಗಿ ಬರುತ್ತದೆ. ದಿನಕ್ಕೆ ಎರಡು ಗಂಟೆ ಜಮಖಾನದ ಮೇಲೆ ಕುಳಿತು ಎದ್ದು ಹೋದ ಮಕ್ಕಳಿಗೆ ಹಾಗೆ ಆಗುವುದಿಲ್ಲ. ಯಾರಾದರೂ ಕುಳಿತು ಆ ನಂಟನ್ನು ಬರೆದಿಡಬೇಕಿತ್ತು, ಬರೆಯುವ ಕೆಲಸ ಬಲ್ಲವನಾಗಿಯೂ ನಾನು ಬರೆದಿರಲಿಲ್ಲ.

2020ರ ಮಾರ್ಚ್‌ನಲ್ಲಿ ಎಲ್ಲ ಬಾಗಿಲುಗಳೂ ಮುಚ್ಚಿದಾಗ ಹಾಜರಿ ಪುಸ್ತಕಗಳನ್ನು ಮನೆಗೆ ತಂದುಕೊಂಡು, ದಪ್ಪ ರಟ್ಟಿನ ಹೊಸ ಖಾತೆ ಪುಸ್ತಕವೊಂದರಲ್ಲಿ ಒಬ್ಬೊಬ್ಬರಿಗೆ ಒಂದು ಪುಟದಂತೆ ಹೆಸರು ಎತ್ತತೊಡಗಿದೆ. ಮೇಲ್ಭಾಗದಲ್ಲಿ ಸೇರಿದ ವರ್ಷ, ಬಿಟ್ಟ ವರ್ಷ, ತಂದೆ ತಾಯಿಯ ಕೆಲಸ, ಮನೆಯ ಗುರುತು. ಕೆಳಗೆ ಖಾಲಿ ಗೆರೆಗಳು. 171 ಪುಟಗಳಿಗೆ ಫೋನ್ ಸಂಖ್ಯೆ ಸಿಕ್ಕಿತು. ಒಂದೊಂದಾಗಿ ಕರೆ ಮಾಡುತ್ತ ಹೋದರೆ ಸರಿಯಾದ ಮನೆಗೆ ತಲುಪಿದ್ದು 46 ಮಾತ್ರ. ಕಾರಣ ಹುಡುಕಿದಾಗ ತಿಳಿದದ್ದೇನೆಂದರೆ, ನಾವು ಬರೆದುಕೊಂಡಿದ್ದ ಸಂಖ್ಯೆ ಮಗುವಿನದಲ್ಲ, ಆ ಕಾಲಕ್ಕೆ ಮನೆಯಲ್ಲಿದ್ದ ಒಂದೇ ಫೋನಿನದು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದಾಗ ಓಣಿಯ ಅರ್ಧ ಜನ ಹೊಸ ಸಿಮ್ ತೆಗೆದುಕೊಂಡಿದ್ದರು. ಹಳೆಯದನ್ನು ಡಬ್ಬಿಯಲ್ಲಿ ಇಟ್ಟುಕೊಂಡಿದ್ದವರದ್ದು ಕನಿಷ್ಠ ರೀಚಾರ್ಜ್ ಇಲ್ಲದಿದ್ದರೆ ಒಳಬರುವ ಕರೆಯನ್ನೂ ನಿಲ್ಲಿಸುವ ಪದ್ಧತಿ 2018ರ ಕೊನೆಗೆ ಬಂದ ಮೇಲೆ ಸತ್ತುಹೋಯಿತು. ಸತ್ತ ಸಂಖ್ಯೆಗಳನ್ನು ಕಂಪನಿಗಳು ಕೆಲಕಾಲದ ನಂತರ ಬೇರೆಯವರಿಗೆ ಕೊಡುತ್ತವೆ. ಹಾಗಾಗಿ ನಮ್ಮ ವಿದ್ಯಾರ್ಥಿಗಳ ಹೆಸರು ಹಿಡಿದು ನಾನು ಕೊಪ್ಪಳದ ಮೇಸ್ತ್ರಿಯನ್ನು, ಹಾಸನದ ಪುರೋಹಿತರನ್ನು, ಜಗಳೂರಿನ ಟ್ರ್ಯಾಕ್ಟರ್ ಚಾಲಕನನ್ನು ಮಾತನಾಡಿಸಿದೆ. ಹಲವರು ಬೈದರು.

2021ರಲ್ಲಿ ಹತ್ತನೆಯ ತರಗತಿಯ ಪರೀಕ್ಷೆ ಜುಲೈ 19 ಮತ್ತು 22ರಂದು ಎರಡೇ ದಿನಗಳಲ್ಲಿ, ಉತ್ತರ ಆರಿಸುವ ಪ್ರಶ್ನೆಗಳ ರೂಪದಲ್ಲಿ ನಡೆದು ಹೆಚ್ಚುಕಡಿಮೆ ಎಲ್ಲರೂ ಉತ್ತೀರ್ಣರಾದರು. ಆ ವರ್ಷದ ನಮ್ಮ 19 ಮಕ್ಕಳಿಗೂ ಪೇಡೆ ಹಂಚಿ ಸುಮ್ಮನಾಗಿದ್ದರೆ ಹಳೆಯ ತಪ್ಪೇ ಮತ್ತೆ ನಡೆಯುತ್ತಿತ್ತು. ಹತ್ತನೆಯ ತರಗತಿಯನ್ನು ಮನೆಯ ಒಂದೇ ಮೊಬೈಲಿನ ಚೂರುಪಾರು ಪಾಠಗಳಲ್ಲಿ ಕಳೆದಿದ್ದ ಆ ಮಕ್ಕಳು ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡು ದೀಪಾವಳಿಯ ಹೊತ್ತಿಗೆ ತತ್ತರಿಸುತ್ತಿದ್ದರು. ಖಾತೆ ಇದ್ದುದರಿಂದ ಈ ಸಲ ಅದು ನಮಗೆ ತಿಳಿಯಿತು. ಮೂವರು ಕಲಾ ವಿಭಾಗಕ್ಕೆ ಬದಲಾದರು, ಇಬ್ಬರನ್ನು ಮರುವರ್ಷ ಪಾಲಿಟೆಕ್ನಿಕ್‌ಗೆ ಸೇರಿಸಿದೆವು. ಡಿಪ್ಲೊಮಾ ಮುಗಿಸಿ ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದರೆ ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದೆಂಬುದು, ಎಂಜಿನಿಯರಿಂಗ್ ಕಾಲೇಜುಗಳಿಗೆ ಹೆಸರಾದ ಇದೇ ಊರಿನ ಆ ಓಣಿಯಲ್ಲಿ, ಒಬ್ಬ ತಂದೆಗೂ ಗೊತ್ತಿರಲಿಲ್ಲ.

ಉಳಿದವರನ್ನು ಹುಡುಕುವ ದಾರಿ ತೋರಿಸಿದವರು ನನ್ನ ಮನೆಯಾಕೆ. "ಡಿಸೆಂಬರಲ್ಲಿ ಯಾರು ಊರಿಗೆ ಬರ್ತಾರ್ರೀ? ದುಗ್ಗಮ್ಮನ ಜಾತ್ರಿಗೆ ಕರೀರಿ, ಅಲ್ಲ, ನೀವೇ ಹೋಗ್ರಿ" ಎಂದರು. ಹಳೇ ದಾವಣಗೆರೆಯ ದುರ್ಗಾಂಬಿಕಾ ದೇವಿಯ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಬೆಂಗಳೂರಿನಲ್ಲಿ ದುಡಿಯುವ ಮಗನಿರಲಿ, ಕೊಟ್ಟ ಊರಿನಲ್ಲಿರುವ ಮಗಳಿರಲಿ, ಆ ವಾರ ಮನೆಗೆ ಬರದಿದ್ದರೆ ನೆಂಟರು ಕಾರಣ ಕೇಳುತ್ತಾರೆ. 2022ರ ಮಾರ್ಚ್‌ನ ಜಾತ್ರೆಯಲ್ಲಿ ನಾನೂ ಸ್ನೇಹಿತರೂ ಖಾತೆ ಪುಸ್ತಕವನ್ನು ಕೈಚೀಲದಲ್ಲಿಟ್ಟುಕೊಂಡು ಐದು ದಿನ ಮನೆಮನೆ ತಿರುಗಿದೆವು. ನಾನು ಮಾಂಸಾಹಾರಿಯಲ್ಲದ ಕಾರಣ ಪ್ರತಿ ಮನೆಯಲ್ಲೂ ಹೋಳಿಗೆಯನ್ನೇ ಬಡಿಸಿದರು. ಐದನೆಯ ದಿನಕ್ಕೆ ಹೋಳಿಗೆ ಕಂಡರೆ ಭಯವಾಗುವಂತಾಗಿತ್ತು. ಒಬ್ಬರು ಸಿಕ್ಕರೆ ಅವರ ಜೊತೆ ಕುಳಿತು ಓದಿದ ಮತ್ತಿಬ್ಬರ ಸುಳಿವು ಸಿಗುತ್ತಿತ್ತು. ಬಾಡಿಗೆ ಮನೆ ಬಿಟ್ಟು ಬೇರೆ ಬಡಾವಣೆಗೆ ಹೋದವರ ವಿಳಾಸ ಓಣಿಯ ಕಿರಾಣಿ ಅಂಗಡಿಯವರಿಗೆ ಗೊತ್ತಿರುತ್ತಿತ್ತು. ಸಾಲ ಬರೆದುಕೊಂಡವರಷ್ಟು ಚೆನ್ನಾಗಿ ಯಾರೂ ವಿಳಾಸ ಇಟ್ಟುಕೊಂಡಿರುವುದಿಲ್ಲ. ಜಾತ್ರೆ ಮುಗಿಯುವಷ್ಟರಲ್ಲಿ 112 ಪುಟಗಳಲ್ಲಿ ಹೊಸ ಗೆರೆ ಬಿದ್ದಿತ್ತು. ಇಬ್ಬರು ಹುಡುಗರು ಬದುಕಿಲ್ಲವೆಂದು ತಿಳಿದದ್ದೂ ಆ ವಾರವೇ. ಅವರಲ್ಲೊಬ್ಬ ಬೈಕ್ ಅಪಘಾತದಲ್ಲಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು, ಮತ್ತು ನಾವು 2019ರಲ್ಲಿ ಅವನ ಹೆಸರಿಗೂ ಆಹ್ವಾನ ಪತ್ರಿಕೆ ಕಳಿಸಿದ್ದೆವು. ಅವನ ತಾಯಿ ಅದನ್ನು ಎತ್ತಿಟ್ಟಿದ್ದರು.

ಹೊರಡುವ ಮೊದಲು ನಾವಿಬ್ಬರೂ ಒಂದು ಕರಾರು ಮಾಡಿಕೊಂಡಿದ್ದೆವು: ಒಂದು ವರ್ಷ ಯಾರ ಬಳಿಯೂ ಹಣ, ಭಾಷಣ, ಸಮಯ ಯಾವುದನ್ನೂ ಕೇಳಬಾರದು. ಇದು ಅಂದುಕೊಂಡದ್ದಕ್ಕಿಂತ ಕಷ್ಟವಾಯಿತು. ಬಾಗಿಲಲ್ಲಿ ನಮ್ಮನ್ನು ಕಂಡ ಕೂಡಲೇ "ಎಷ್ಟು ಬರಕೊಳ್ತೀರಿ ಸರ್?" ಎಂದು ಪಾಕೀಟು ತೆಗೆದವರಿದ್ದರು, ಏನೂ ಬೇಡ ಎಂದರೆ ನಂಬದೆ ಚುನಾವಣೆಗೆ ನಿಲ್ಲುತ್ತೀರಾ ಎಂದು ಕೇಳಿದವನೂ ಇದ್ದ. ಫೇಲಾದವರ ಮನೆಗಳಿಗೆ ಮೊದಲು ಹೋದೆವು. 63ನೇ ಪುಟದ ಹುಡುಗ ಗಣಿತದಲ್ಲಿ ಎರಡು ಸಲ ಫೇಲಾಗಿದ್ದವನು, ರಸ್ತೆಯಲ್ಲಿ ನನ್ನನ್ನು ಕಂಡರೆ ಆಚೆ ಬದಿಗೆ ಹೋಗುತ್ತಿದ್ದವನು, ಈಗ ಒಂದು ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಕೈಗೆ ಹತ್ತಿದ್ದ ಆಯಿಲ್ ಒರೆಸಿಕೊಳ್ಳುತ್ತ ಅವನು ಹೇಳಿದ ಮಾತನ್ನು ಖಾತೆಯಲ್ಲಿ ಹಾಗೆಯೇ ಬರೆದುಕೊಂಡಿದ್ದೇನೆ: "ಪಾಸಾದ್ಮೇಲೆ ಬಂದು ಹೇಳ್ಬೇಕು ಅಂತಿದ್ದೆ ಸರ್, ಆಗ್ಲಿಲ್ಲ. ಮೂರನೇ ಸಲಕ್ಕೆ ಪಾಸಾದೆ, ಆಗ ಹೇಳೋಕೆ ತಡ ಆಗಿತ್ತು."

ಹೆಣ್ಣುಮಕ್ಕಳ ವಿಷಯದಲ್ಲಿ ನಮ್ಮ ಕ್ರಮವನ್ನೇ ಬದಲಿಸಬೇಕಾಯಿತು. ಮದುವೆಯಾದವರ ಫೋನು ಹಲವು ಕಡೆ ಗಂಡನ ಕೈಯಲ್ಲಿರುತ್ತದೆ. ನಾನು ಗುರುವೆಂಬ ಸಲುಗೆಯಿಂದ ಕರೆ ಮಾಡಿದ್ದು ಒಬ್ಬಾಕೆಗೆ ಅತ್ತೆಮನೆಯಲ್ಲಿ ಅನಗತ್ಯ ಪ್ರಶ್ನೆಗಳನ್ನು ತಂದಿತು. ಅದಾದ ಮೇಲೆ ಆ ಪುಟಗಳನ್ನೆಲ್ಲ ನಮ್ಮಲ್ಲೇ ಓದಿ ಈಗ ನರ್ಸ್ ಆಗಿರುವ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಒಪ್ಪಿಸಿದೆವು. ಅವಳು ಫೋನು ಮಾಡುವ ಮೊದಲು ತವರಿಗೆ ಹೋಗಿ ತಾಯಿಯನ್ನು ಕೇಳುತ್ತಾಳೆ, ತಾಯಿ ಒಪ್ಪಿದರೆ ಅವರ ಫೋನಿನಿಂದಲೇ ಮಾತನಾಡುತ್ತಾಳೆ. ನಾನು ಎರಡು ವರ್ಷದಲ್ಲಿ ಪತ್ತೆ ಮಾಡಲಾಗದವರನ್ನು ಅವಳು ಎರಡು ತಿಂಗಳಲ್ಲಿ ಪತ್ತೆ ಮಾಡಿದಳು.

ವಾಟ್ಸಾಪ್ ಗುಂಪನ್ನೂ ಮಾಡಿ ನೋಡಿದೆವು. ಬೆಳಗಿನ ಶುಭಾಶಯದ ಹೂಗಳು, ಪಕ್ಷಗಳ ಜಗಳ, ಸಾಲ ಕೊಡುತ್ತೇವೆಂಬ ಆ್ಯಪುಗಳ ಲಿಂಕು ತುಂಬಿ ಮೂರು ತಿಂಗಳಲ್ಲಿ 19 ಜನ ಹೊರನಡೆದರು. ಈಗ ಅದರಲ್ಲಿ ಪ್ರಕಟಣೆ ಹಾಕುವ ಅಧಿಕಾರ ಇಬ್ಬರಿಗೆ ಮಾತ್ರ.

ಹಳಬರನ್ನು ಈಗಿನ ಮಕ್ಕಳ ಜೊತೆ ಜೋಡಿಸುವ ಕೆಲಸವನ್ನು 2023ರ ಜೂನ್‌ನಲ್ಲಿ, ಅಂದರೆ ಕರಾರಿನ ವರ್ಷ ಕಳೆದ ಮೇಲೆ, ಆರಂಭಿಸಿದೆವು. ಒಂಬತ್ತನೆಯ ತರಗತಿಯ 14 ಮಕ್ಕಳು, 14 ಮಂದಿ ಅಣ್ಣ ಅಕ್ಕಂದಿರು. ಅತ್ಯಂತ ಬುದ್ಧಿವಂತನನ್ನು ಅತ್ಯಂತ ಹಿಂದುಳಿದ ಮಗುವಿಗೆ ಜೋಡಿಸುವುದು ನನಗೆ ಸಹಜವೆನ್ನಿಸಿತ್ತು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನಮ್ಮ ಹೆಮ್ಮೆಯ ಹುಡುಗ ಪ್ರತಿ ಭಾನುವಾರ ತಪ್ಪದೆ ಕರೆ ಮಾಡಿ, ತಾನು ಬೆಳಿಗ್ಗೆ ನಾಲ್ಕಕ್ಕೆ ಎದ್ದು ಓದಿದ್ದನ್ನು ನಲವತ್ತು ನಿಮಿಷ ವಿವರಿಸುತ್ತಿದ್ದ. ನಾಲ್ಕಕ್ಕೆ ಭಟ್ಟಿಗೆ ಏಳುವ ಮಗು ಅದನ್ನು ಕೇಳಿ ಏನು ಮಾಡಬೇಕು? ಐದನೆಯ ವಾರದಿಂದ ಆ ಮಗು ಫೋನು ಎತ್ತಲಿಲ್ಲ. ಅದೇ ಮಗುವನ್ನು ಗ್ಯಾರೇಜಿನ ಹುಡುಗನಿಗೆ ಒಪ್ಪಿಸಿದಾಗ ಅವನು ಮೊದಲ ಮೂರು ಭಾನುವಾರ ಗಣಿತವನ್ನು ಮುಟ್ಟಲೇ ಇಲ್ಲ. ನಾಲ್ಕನೆಯ ವಾರ ಪಠ್ಯಪುಸ್ತಕವನ್ನು ಮೊದಲ ಪುಟದಿಂದ ತಿರುವಿಸುತ್ತ, ಎಲ್ಲಿ ತಲೆ ಓಡುವುದು ನಿಲ್ಲುತ್ತದೋ ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕು ಎಂದ. ಗುರುತು ಬಿದ್ದದ್ದು ಒಂಬತ್ತನೆಯ ತರಗತಿಯ ಯಾವ ಅಧ್ಯಾಯಕ್ಕೂ ಅಲ್ಲ, ಭಿನ್ನರಾಶಿ ಬಂದ ಕಡೆಗಳಲ್ಲೆಲ್ಲ. "ನನಗೂ ಇದೇ ಆಗಿದ್ದು ಸರ್, ಏನು ಬರಲ್ಲ ಅನ್ನೋದು ಗೊತ್ತಾಗೋಕೆ ಎರಡು ಪರೀಕ್ಷೆ ಹೋದ್ವು" ಎಂದು ನನಗೆ ಹೇಳಿದ. ಅವನಿಗೆ ಗಣಿತ ಹೇಳಿಕೊಟ್ಟವನು ನಾನು. ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ.

ನಿಯಮಗಳು ಹೆಚ್ಚಿಲ್ಲ, ಆದರೆ ಇರುವಷ್ಟರಲ್ಲಿ ಸಡಿಲವಿಲ್ಲ. ಭೇಟಿ ಸಮುದಾಯ ಭವನದಲ್ಲೇ, ಬಾಗಿಲು ತೆರೆದು, ಇನ್ನಿಬ್ಬರು ಹಿರಿಯರ ಕಣ್ಣೆದುರಿಗೆ. ಫೋನು ಮಗುವಿನ ತಾಯಿಯ ಅಥವಾ ತಂದೆಯ ಸಂಖ್ಯೆಗೆ ಮಾತ್ರ. ಉಡುಗೊರೆ, ಸಾಲ, ಒಂಟಿಯಾಗಿ ಹೊರಗೆ ಕರೆದೊಯ್ಯುವುದು ಯಾವುದೂ ಇಲ್ಲ. 2012ರ ಪೋಕ್ಸೊ ಕಾಯ್ದೆಯನ್ನು ವಕೀಲರೊಬ್ಬರು ಬಂದು ಅಣ್ಣ ಅಕ್ಕಂದಿರಿಗೆಲ್ಲ ವಿವರಿಸಿದರು. ನಮ್ಮವರೇ ಅಲ್ಲವೇ, ಇದೆಲ್ಲ ಯಾಕೆ ಎಂದು ಒಂದಿಬ್ಬರು ಮುನಿಸಿಕೊಂಡು ಬರುವುದನ್ನು ನಿಲ್ಲಿಸಿದರು. ನಿಲ್ಲಿಸಲಿ ಎಂದು ನಾವೂ ಸುಮ್ಮನಾದೆವು.

ಕರೆ ಮಾಡಲು ನೆಪ ಬೇಕೆಂಬುದು ನಾನು ತಡವಾಗಿ ಕಲಿತ ಇನ್ನೊಂದು ಪಾಠ. ಸುಮ್ಮನೆ "ಹೇಗಿದ್ದೀಯ" ಎಂದರೆ "ಆರಾಮ್ ಸರ್" ಎಂಬಲ್ಲಿಗೆ ಮಾತು ಮುಗಿಯುತ್ತದೆ. ಎಂಟನೆಯ ತರಗತಿಯಲ್ಲಿ ಎನ್‌ಎಂಎಂಎಸ್ ಪರೀಕ್ಷೆಯಲ್ಲಿ ಆಯ್ಕೆಯಾದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ ಒಂಬತ್ತರಿಂದ ಪಿಯುಸಿ ಮುಗಿಯುವವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ ಬರುತ್ತದೆ. ಆದರೆ ಪ್ರತಿ ವರ್ಷ ಅರ್ಜಿ ನವೀಕರಿಸಬೇಕು, ಓದುತ್ತಿರುವ ಸಂಸ್ಥೆ ಅದನ್ನು ಪರಿಶೀಲಿಸಿ ಒಪ್ಪಬೇಕು, ಹತ್ತನೆಯ ತರಗತಿಯಲ್ಲಿ ಸಾಮಾನ್ಯ ವರ್ಗದವರಿಗೆ ಶೇ. 60 ಅಂಕ ಬಂದಿರಬೇಕು. ಪ್ರೌಢಶಾಲೆಯಲ್ಲಿರುವ ತನಕ ಶಿಕ್ಷಕರೇ ನೆನಪಿಸುತ್ತಾರೆ. ಹೊಸ ಕಾಲೇಜಿಗೆ ಕಾಲಿಟ್ಟ ವರ್ಷ ನೆನಪಿಸುವವರಿರುವುದಿಲ್ಲ, ಮತ್ತು ನಮ್ಮ ಆರು ಮಕ್ಕಳಲ್ಲಿ ನಾಲ್ವರ ಹಣ ನಿಂತದ್ದು ಸರಿಯಾಗಿ ಆ ವರ್ಷದಲ್ಲಿಯೇ ಎಂಬುದು ಖಾತೆ ಎತ್ತಿದ ಮೇಲೆ ಕಾಣಿಸಿತು. ಈಗ ನವೀಕರಣ ಆರಂಭವಾದ ವಾರ ಆ ಪುಟಗಳಿಗೆಲ್ಲ ಕರೆ ಹೋಗುತ್ತದೆ. ಹತ್ತನೆಯ ತರಗತಿಗೆ ವರ್ಷಕ್ಕೆ ಮೂರು ಪರೀಕ್ಷೆಗಳ ಪದ್ಧತಿ 2024ರಲ್ಲಿ ಬಂದ ಮೇಲೆ, ಮೊದಲನೆಯದರಲ್ಲಿ ನಪಾಸಾದವರಿಗೆ ಫಲಿತಾಂಶದ ದಿನವೇ ಕರೆ ಹೋಗುತ್ತದೆ. ಪೇಡೆ ಹಂಚುವುದು ಅದರ ಮರುದಿನ. ನಪಾಸಾದವರಿಗೆ ಕರೆ ಮಾಡುವ ಕೆಲಸ ಗ್ಯಾರೇಜಿನ ಹುಡುಗನದು. ಆ ದಿನ ಅವನು ರಜೆ ಹಾಕುತ್ತಾನೆ.

ಬೆಂಚುಗಳು ಇನ್ನೂ ಬಂದಿಲ್ಲ. ಕರಾರು ಮುಗಿದ ಮೇಲೂ ಹಣ ಕೇಳಲು ನನಗೆ ಬಾಯಿ ಬರಲಿಲ್ಲ, ಕೇಳಬೇಕಿತ್ತು ಎಂದು ಸ್ನೇಹಿತರು ಈಗಲೂ ಆಕ್ಷೇಪಿಸುತ್ತಾರೆ, ಅವರ ಮಾತಿನಲ್ಲಿಯೂ ನ್ಯಾಯವಿದೆ. ಸರಕು ಆಟೊ ಓಡಿಸುವ ಒಬ್ಬ ಹಳೆಯ ವಿದ್ಯಾರ್ಥಿ ಜಮಖಾನ ಹರಿದದ್ದನ್ನು ನೋಡಿ ಎರಡು ಹೊಸದನ್ನು ತಂದು ಹಾಸಿ, ರಸೀದಿ ಬೇಡವೆಂದು ಹೋದ. ರಸೀದಿ ಬರೆದೆ. ಅವನ ಪುಟದಲ್ಲಿ ಅಂಟಿಸಿದ್ದೇನೆ.

2024ರ ಜಾತ್ರೆಯ ನಂತರವೂ ಹುಡುಕಾಟ ಮುಂದುವರಿದು ಈಗ 183 ಪುಟಗಳು ತುಂಬಿವೆ, 31 ಉಳಿದಿವೆ. ಅವುಗಳಲ್ಲಿ 88ನೇ ಪುಟದ ಹುಡುಗಿ ಹತ್ತನೆಯ ತರಗತಿಯ ಅರ್ಧದಲ್ಲಿ, ಒಂದು ಸೋಮವಾರದಿಂದ, ಬರುವುದನ್ನು ನಿಲ್ಲಿಸಿದವಳು. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಎರಡು ವಾರ ಗೈರುಹಾಜರಿ ಹಾಕಿ, ಮೂರನೆಯ ವಾರ ಹೆಸರಿಗೆ ಕೆಂಪು ಗೆರೆ ಎಳೆದಿದ್ದೇನೆ, ಅಕ್ಷರ ನನ್ನದೇ. ಕುಟುಂಬ ಯಾವ ಊರಿಗೆ ಹೋಯಿತೆಂದು ಕಿರಾಣಿ ಅಂಗಡಿಯವರಿಗೂ ತಿಳಿಯದು. ಅವಳ ತಂದೆಯದೆಂದು ಬರೆದುಕೊಂಡಿದ್ದ ಸಂಖ್ಯೆ ಈಗ ಜಗಳೂರಿನ ಆ ಟ್ರ್ಯಾಕ್ಟರ್ ಚಾಲಕನದು. ಯಾವುದೋ ಕಾರಣಕ್ಕೆ ಸಂಖ್ಯೆ ಹಳಬರ ಕೈಗೇ ಮರಳಿರಬಹುದೆಂಬ ಆಸೆಯಿಂದ ನಾನು ವರ್ಷಕ್ಕೊಮ್ಮೆ ಆ ಸಂಖ್ಯೆಗೆ ಕರೆ ಮಾಡುತ್ತ ಬಂದಿದ್ದೇನೆ. ಮೊದಲ ಸಲ ರೇಗಿದ್ದವನು, ಎರಡನೆಯ ಸಲ ನಕ್ಕಿದ್ದವನು, ಹೋದ ವರ್ಷ ನಾನು ಹಲೋ ಎನ್ನುವ ಮೊದಲೇ, "ಸಿಕ್ಕಳೇನ್ರೀ ಸರ್ ನಿಮ್ ಹುಡುಗಿ?" ಎಂದು ಕೇಳಿದ. ಇಲ್ಲ ಎಂದೆ.